ಅಪರೂಪದ ಇಂಗ್ಲಿಷ್ ಪದಗಳ ಮೂಲ ಹುಡುಕುವುದು ಹೇಗೆ? ಕರಾವಳಿಯವರಿಗೊಂದು ಸಮಗ್ರ ಮಾರ್ಗದರ್ಶಿ

ದಿನಕ್ಕೊಂದು ಇಂಗ್ಲಿಷ್ ಪದ ಅಂತ ವಾಟ್ಸಾಪ್‌ನಲ್ಲಿ ಬರುತ್ತಲೇ ಇರುತ್ತದೆ. ಬೆಳಿಗ್ಗೆ ಓದುತ್ತೇವೆ, ಸಂಜೆಗೆ ಮರೆಯುತ್ತೇವೆ. ಮರೆಯದೆ ಇನ್ನೇನು? ಪದದ ಪಕ್ಕ ಬರೀ ಅರ್ಥ ಇದ್ದರೆ ನೆನಪಿಗೆ ಹಿಡಿತವೇ ಸಿಗುವುದಿಲ್ಲ. ಆ ಪದ ಎಲ್ಲಿಯದು, ಯಾರ ಬಾಯಿಂದ ಯಾರ ಬಾಯಿಗೆ ಬಂತು, ನಡುವೆ ಅರ್ಥ ಎಲ್ಲಿ ತಿರುಗಿತು ಅಂತ ಒಮ್ಮೆ ನೀವೇ ಹುಡುಕಿ ನೋಡಿ. ಆಮೇಲೆ ಮರೆಯಬೇಕೆಂದರೂ ಆಗುವುದಿಲ್ಲ.

ಮಂಗಳೂರು, ಉಡುಪಿ ಕಡೆಯವರಿಗೆ ಈ ಕೆಲಸದಲ್ಲಿ ಅನುಕೂಲ ಜಾಸ್ತಿ. ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಕೊಂಕಣಿ, ಬಂದರಿನಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ನಿಘಂಟಿನಲ್ಲಿ 'ಪೋರ್ಚುಗೀಸ್‌ನಿಂದ' ಅಥವಾ 'ಮಲಯಾಳದಿಂದ' ಅಂತ ಕಂಡರೆ ಬೇರೆಯವರು ಓದಿ ಮುಂದೆ ಹೋಗುತ್ತಾರೆ. ನಮಗೆ ಎಷ್ಟೋ ಸಲ ಅಲ್ಲೇ ಪರಿಚಯದ ಪದ ಸಿಗುತ್ತದೆ. ಈ ಮಾರ್ಗದರ್ಶಿ ಆ ಅನುಕೂಲವನ್ನು ಬಳಸಿಕೊಳ್ಳುವುದು ಹೇಗೆ ಅಂತ ಹೇಳುತ್ತದೆ. ಬೇಕಾಗಿರುವುದು ಒಂದು ಫೋನ್, ಒಂದು ನೋಟ್‌ಬುಕ್, ಸ್ವಲ್ಪ ತಾಳ್ಮೆ.

ಹೆಜ್ಜೆ 1: ಪದವನ್ನು ವಾಕ್ಯದ ಜೊತೆಗೇ ಬರೆದುಕೊಳ್ಳಿ

ಒಂಟಿ ಪದ ಬರೆದುಕೊಂಡರೆ ಪ್ರಯೋಜನ ಕಡಿಮೆ. ಎಲ್ಲಿ ಓದಿದಿರೋ ಆ ವಾಕ್ಯ ಪೂರ್ತಿ ಬೇಕು. ಸ್ಪೆಲ್ಲಿಂಗ್ ಅಕ್ಷರ ಅಕ್ಷರ ನೋಡಿ ಬರೆಯಿರಿ, ಉಚ್ಚಾರವನ್ನು ಪಕ್ಕದಲ್ಲಿ ಕನ್ನಡದಲ್ಲೇ ಬರೆಯಿರಿ.

ಆಮೇಲೆ ಕೇಳಬೇಕಾದ್ದು: ಈ ಪದವನ್ನು ಯಾರಾದರೂ ನಿಜವಾಗಿ ಬಳಸುತ್ತಾರಾ? 'ಅಲ್ಟ್ರಾಕ್ರೆಪಿಡೇರಿಯನ್' ಎಂಬ ಪದ ಇದೆ. ತನಗೆ ತಿಳಿಯದ ವಿಷಯದಲ್ಲಿ ಅಭಿಪ್ರಾಯ ಉದುರಿಸುವವನು ಅಂತ ಅರ್ಥ. ಇದರ ಹಿಂದಿನ ಕಥೆ ಚೆನ್ನಾಗಿದೆ. ಗ್ರೀಕ್ ಚಿತ್ರಕಾರ ಅಪೆಲೀಸ್ ಬರೆದ ಚಿತ್ರದಲ್ಲಿ ಚಪ್ಪಲಿ ಸರಿ ಇಲ್ಲ ಅಂತ ಒಬ್ಬ ಚಮ್ಮಾರ ಹೇಳಿದನಂತೆ. ಅಪೆಲೀಸ್ ತಿದ್ದಿದ. ಮಾರನೇ ದಿನ ಅವನು ಕಾಲಿನ ಬಗ್ಗೆಯೂ ಮಾತಾಡಿದಾಗ, ಚಪ್ಪಲಿಯಿಂದ ಮೇಲೆ ಹೋಗಬೇಡ ಅಂತ ಅಪೆಲೀಸ್ ಅಂದನಂತೆ. ಲ್ಯಾಟಿನ್‌ನಲ್ಲಿ 'ಅಲ್ಟ್ರಾ' ಅಂದರೆ ಆಚೆ, 'ಕ್ರೆಪಿಡಾ' ಅಂದರೆ ಚಪ್ಪಲಿ. 1819ರಲ್ಲಿ ಇಂಗ್ಲಿಷ್ ಪ್ರಬಂಧಕಾರ ವಿಲಿಯಂ ಹ್ಯಾಜ್ಲಿಟ್ ಒಬ್ಬ ವಿಮರ್ಶಕನನ್ನು ಬೈಯಲು ಈ ಪದ ಬಳಸಿದ. ಕಥೆ ಸೊಗಸು, ಆದರೆ ಇವತ್ತು ಈ ಪದ ಬದುಕಿರುವುದು ಹೆಚ್ಚಾಗಿ 'ಅಪರೂಪದ ಪದಗಳು' ಎಂಬ ಪಟ್ಟಿಗಳಲ್ಲಿ. ಸಂದರ್ಶನದಲ್ಲೋ ಪ್ರಬಂಧದಲ್ಲೋ ಹಾಕಿದರೆ ಪ್ರದರ್ಶನದಂತೆ ಕಾಣುತ್ತದೆ.

ನಿಘಂಟಿನಲ್ಲಿ ಇದ್ದ ಮಾತ್ರಕ್ಕೆ ಪದ ನಿಜ ಅಂತಲೂ ಅಲ್ಲ. 1934ರ ವೆಬ್‌ಸ್ಟರ್ ದೊಡ್ಡ ನಿಘಂಟಿನಲ್ಲಿ 'ಡೋರ್ಡ್' ಅಂತ ಒಂದು ಪದ ಇತ್ತು, ಅರ್ಥ ಸಾಂದ್ರತೆ. ಅಸಲಿಗೆ ಅದು 'ದೊಡ್ಡ ಡಿ ಅಥವಾ ಸಣ್ಣ ಡಿ' ಎಂದು ಸಂಕೇತಾಕ್ಷರದ ಬಗ್ಗೆ ಬರೆದಿದ್ದ ಚೀಟಿ. ಯಾರೋ ಅದನ್ನು ಒಂದೇ ಪದವಾಗಿ ಓದಿದರು. ಗೊತ್ತಾಗಿದ್ದು 1939ರಲ್ಲಿ! ಇನ್ನೊಂದು 2001ರ ನ್ಯೂ ಆಕ್ಸ್‌ಫರ್ಡ್ ಅಮೆರಿಕನ್ ನಿಘಂಟಿನದು: 'ಎಸ್ಕ್ವಿವೇಲಿಯನ್ಸ್', ಜವಾಬ್ದಾರಿಯಿಂದ ನುಣುಚಿಕೊಳ್ಳುವುದು. ನಕಲು ಹೊಡೆಯುವವರನ್ನು ಹಿಡಿಯಲು ಸಂಪಾದಕರೇ ಇಟ್ಟ ಬಲೆ ಅದು. ಹಾಗಾಗಿ ಕನಿಷ್ಠ ಎರಡು ಬೇರೆ ಬೇರೆ ಕಡೆ, ಬೇರೆ ಬೇರೆ ಬರಹಗಾರರ ವಾಕ್ಯಗಳಲ್ಲಿ ಪದ ಸಿಕ್ಕಿದ ಮೇಲೆ ಮುಂದಕ್ಕೆ ಹೋಗಿ.

ಹೆಜ್ಜೆ 2: ಬಿಡಿಸಿ ನೋಡಿ

ಕನ್ನಡದಲ್ಲಿ ಸಂಧಿ, ಸಮಾಸ ಬಿಡಿಸಿದ ಅಭ್ಯಾಸ ಇರುವವರಿಗೆ ಇದು ಸುಲಭ. ಜೂನ್ ಮೊದಲ ವಾರದಲ್ಲಿ ಕಾದ ನೆಲಕ್ಕೆ ಮಳೆ ಬಿದ್ದಾಗ ಬರುವ ವಾಸನೆಗೆ ಇಂಗ್ಲಿಷ್‌ನಲ್ಲಿ 'ಪೆಟ್ರಿಕೋರ್' ಅನ್ನುತ್ತಾರೆ. ಬಿಡಿಸಿದರೆ 'ಪೆಟ್ರ' ಅಂದರೆ ಕಲ್ಲು, 'ಐಕೋರ್' ಅಂದರೆ ಗ್ರೀಕ್ ಪುರಾಣದ ದೇವತೆಗಳ ಮೈಯಲ್ಲಿ ರಕ್ತದ ಬದಲು ಹರಿಯುವ ದ್ರವ. ಪುರಾಣದ ಕಾಲದ ಪದದಂತೆ ಕಾಣುತ್ತದೆ, ಅಲ್ವಾ? ಹುಟ್ಟಿದ್ದು 1964ರಲ್ಲಿ. ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು 'ನೇಚರ್' ಪತ್ರಿಕೆಯ ಲೇಖನದಲ್ಲಿ ಕಟ್ಟಿದ ಪದ. ಅದೇ ವಾಸನೆಯ ಹಿಂದಿರುವ ಒಂದು ರಾಸಾಯನಿಕಕ್ಕೆ ಮರುವರ್ಷವೇ 'ಜಿಯೋಸ್ಮಿನ್' ಅಂತ ಹೆಸರಿಟ್ಟರು: 'ಜಿ' ಅಂದರೆ ಭೂಮಿ, 'ಓಸ್ಮೆ' ಅಂದರೆ ವಾಸನೆ. ಬಿಡಿ ಭಾಗಗಳು ಹಳೆಯವಾದರೂ ಪದ ಹೊಸದಿರಬಹುದು. ಇದು ನೆನಪಿರಲಿ.

'ಸೆಸ್ಕ್ವಿಪಿಡೇಲಿಯನ್' ಇನ್ನೂ ಮಜಾ. ಉದ್ದುದ್ದ ಪದಗಳನ್ನು ಬಳಸುವ ಚಟಕ್ಕೆ ಹೇಳುವ ಪದ. 'ಸೆಸ್ಕ್ವಿ' ಅಂದರೆ ಒಂದೂವರೆ, 'ಪೆಡ್' ಅಂದರೆ ಪಾದ. ಒಂದೂವರೆ ಅಡಿ ಉದ್ದದ ಮಾತು! ರೋಮನ್ ಕವಿ ಹೊರೇಸ್ ಮಾಡಿದ ತಮಾಷೆ ಇದು. ಈ 'ಪೆಡ್' ಮತ್ತು ನಮ್ಮ 'ಪಾದ' ಒಂದೇ ಮೂಲದವು. ಇಂಗ್ಲಿಷ್‌ನ 'ಫುಟ್' ಕೂಡ ಅದೇ ಕುಟುಂಬ. ಸಂಸ್ಕೃತ, ಲ್ಯಾಟಿನ್‌ನಲ್ಲಿ 'ಪ' ಇದ್ದಲ್ಲಿ ಇಂಗ್ಲಿಷ್‌ನಲ್ಲಿ 'ಫ' ಬರುತ್ತದೆ. ಪಿತೃ ಮತ್ತು ಫಾದರ್, ಪಂಚ ಮತ್ತು ಫೈವ್ ನೋಡಿ. ಇಲ್ಲಿ ಯಾರೂ ಯಾರಿಂದಲೂ ಸಾಲ ಪಡೆದಿಲ್ಲ, ಎಲ್ಲರಿಗೂ ಪೂರ್ವಜ ಒಂದೇ. ನಿಘಂಟು ಇಂಥ ಕಡೆ 'ಕಾಗ್ನೇಟ್' ಎಂಬ ಪದ ಹಾಕುತ್ತದೆ.

ಎಲ್ಲವನ್ನೂ ಬಿಡಿಸಲು ಹೋಗಬೇಡಿ. 'ಅಂಪೈರ್' ಅನ್ನು ಹೇಗೆ ಕತ್ತರಿಸಿದರೂ ಅರ್ಥ ಸಿಗುವುದಿಲ್ಲ. ಅದು ಮೊದಲು 'ನೌಂಪೇರ್' ಆಗಿತ್ತು, ಹಳೆಯ ಫ್ರೆಂಚ್‌ನ 'ನೋನ್‌ಪೇರ್', ಜೋಡಿಗೆ ಸೇರದ ಮೂರನೆಯವನು. ಮುಂದೆ ಇದ್ದ 'ಅ' ಜೊತೆ 'ನ್' ಅಂಟಿಕೊಂಡು 'ಆನ್ ಅಂಪೈರ್' ಆಯಿತು. 'ಏಪ್ರನ್' ಕಥೆಯೂ ಇದೇ.

ಹೆಜ್ಜೆ 3: ನಿಘಂಟಿನ ಆವರಣದ ಒಳಗೆ ಇಳಿಯಿರಿ

ಹೆಚ್ಚಿನವರು ಅರ್ಥ ನೋಡಿ ನಿಘಂಟು ಮುಚ್ಚುತ್ತಾರೆ. ನಮಗೆ ಬೇಕಾದ್ದು ಅದರ ಪಕ್ಕದ ಆವರಣದಲ್ಲಿರುವ ಪುಟ್ಟ ಅಕ್ಷರಗಳು. ಉಚಿತವಾಗಿ ಸಿಗುವವುಗಳಲ್ಲಿ ಮೆರಿಯಮ್-ವೆಬ್‌ಸ್ಟರ್ ಮತ್ತು ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ ಶುರುವಿಗೆ ಸಾಕು. ದೊಡ್ಡಣ್ಣ ಅಂದರೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ. 1884ರಿಂದ 1928ರವರೆಗೆ ಕಂತು ಕಂತಾಗಿ ಬಂದದ್ದು, ಪ್ರತಿ ಅರ್ಥಕ್ಕೂ ಹಳೆಯ ವಾಕ್ಯಗಳನ್ನು ತಾರೀಖಿನ ಸಮೇತ ಕೊಡುತ್ತದೆ. ಅದಕ್ಕೆ ಚಂದಾ ಬೇಕು. ನಿಮ್ಮ ಕಾಲೇಜು ಲೈಬ್ರರಿಯಲ್ಲಿ ಇದೆಯಾ ಅಂತ ಒಮ್ಮೆ ಕೇಳಿ ನೋಡಿ. ಯಾರು ಬೇಕಾದರೂ ತಿದ್ದಬಹುದಾದ ವಿಕ್ಷನರಿ ಸುಳಿವಿಗೆ ಒಳ್ಳೆಯದು, ತೀರ್ಪಿಗೆ ಅಲ್ಲ.

ಗುರುತುಗಳು ಹೆಚ್ಚಿಲ್ಲ. ಎಡಕ್ಕೆ ಮೊನೆ ಮಾಡಿದ ಬಾಣದ ಗುರುತಿದ್ದರೆ 'ಇದರಿಂದ ಬಂತು' ಅಂತ ಅರ್ಥ. ಪದದ ಮುಂದೆ ನಕ್ಷತ್ರ ಇದ್ದರೆ ಅದು ಬರಹದಲ್ಲಿ ಎಲ್ಲೂ ಸಿಕ್ಕಿಲ್ಲ, ವಿದ್ವಾಂಸರು ಊಹಿಸಿ ಕಟ್ಟಿದ ರೂಪ. ಶಿಲುಬೆಯಂಥ ಗುರುತಿದ್ದರೆ ಬಳಕೆ ನಿಂತ ಪದ. ಇಸವಿಯ ಮುಂದೆ ಸಣ್ಣ 'ಸಿ' ಇದ್ದರೆ ಸುಮಾರು ಆ ಕಾಲ. ಎಡವುವುದು ಜಾಸ್ತಿ 'ಸಿ-ಎಫ್' ಎಂಬ ಎರಡಕ್ಷರದ ಹತ್ತಿರ. ಅದರ ಅರ್ಥ 'ಹೋಲಿಸಿ ನೋಡಿ' ಅಷ್ಟೇ. ಅದರ ಮುಂದಿರುವ ಪದ ತಾಯಿಯಲ್ಲ. ಇದನ್ನೇ ಮೂಲ ಅಂದುಕೊಂಡು ಬರೆದ ಲೇಖನಗಳು ಎಷ್ಟೋ ಓಡಾಡುತ್ತಿವೆ.

ಈಗ ಒಂದು ಪದವನ್ನು ಪೂರ್ತಿ ಓದೋಣ: 'ಜ್ಯಾಗರಿ', ಅಂದರೆ ಬೆಲ್ಲ. ಆವರಣದಲ್ಲಿ ಮೊದಲು ಪೋರ್ಚುಗೀಸ್ 'ಜಾಗರ' ಸಿಗುತ್ತದೆ, ಅದರ ಹಿಂದೆ ಮಲಯಾಳದ 'ಚಕ್ಕರ', ಅದರ ಹಿಂದೆ ಸಂಸ್ಕೃತದ 'ಶರ್ಕರಾ'. ಇಲ್ಲಿಗೆ ನಿಲ್ಲಬೇಡಿ, 'ಶುಗರ್' ಪದದ ಆವರಣವನ್ನೂ ತೆಗೆಯಿರಿ. ಹಳೆಯ ಫ್ರೆಂಚ್, ಲ್ಯಾಟಿನ್, ಅರಬಿಯ 'ಸುಕ್ಕರ್', ಪರ್ಷಿಯನ್‌ನ 'ಶಕರ್', ಕೊನೆಗೆ ಮತ್ತೆ 'ಶರ್ಕರಾ'. 'ಸ್ಯಾಕರಿನ್' ತೆಗೆದರೆ ಗ್ರೀಕ್‌ನ 'ಸಾಕ್ಖರೋನ್' ಮೂಲಕ ಅಲ್ಲಿಗೇ ಬರುತ್ತೇವೆ. ನಮ್ಮ 'ಸಕ್ಕರೆ'ಯೂ ಅದೇ. ಶರ್ಕರಾ ಅಂದರೆ ಮೊದಲು ಹರಳು, ಮರಳಿನ ಕಲ್ಲು. ಇಂಗ್ಲಿಷ್‌ಗೆ ಒಂದೇ ಪದ ಮೂರು ದಾರಿಯಲ್ಲಿ ಹೋಗಿದೆ: ಅರಬರ ಮೂಲಕ ಒಮ್ಮೆ, ಗ್ರೀಕರ ಮೂಲಕ ಒಮ್ಮೆ, ಪೋರ್ಚುಗೀಸರ ಹಡಗಿನಲ್ಲಿ ಒಮ್ಮೆ. ಬೆಲ್ಲಕ್ಕೆ ಸಕ್ಕರೆಯ ಹೆಸರು ಅಂಟಿಕೊಂಡಿದ್ದು ಹೀಗೆ.

ಹೆಜ್ಜೆ 4: ಮನೆಯ ಪೋರ್ಚುಗೀಸ್ ಬಳಸಿ

ಇದು ನಮ್ಮ ಕಡೆಯವರಿಗೆಂದೇ ಇರುವ ಹೆಜ್ಜೆ. ಪೋರ್ಚುಗೀಸ್ ಲ್ಯಾಟಿನ್‌ನ ಮಗಳು. ಇಂಗ್ಲಿಷ್‌ನ ಕಠಿಣ ಪದಗಳಲ್ಲಿ ಬಹುಪಾಲು ಲ್ಯಾಟಿನ್‌ನಿಂದ ಬಂದವು. ಹಾಗಾಗಿ ಕೊಂಕಣಿ, ತುಳು, ಕನ್ನಡದಲ್ಲಿ ಉಳಿದಿರುವ ಪೋರ್ಚುಗೀಸ್ ಪದ ಹಿಡಿದರೆ ಇಂಗ್ಲಿಷ್‌ನ ಬಾಗಿಲು ತಾನಾಗಿ ತೆರೆಯುತ್ತದೆ.

'ಚಾವಿ' ತೆಗೆದುಕೊಳ್ಳಿ. ಪೋರ್ಚುಗೀಸ್‌ನಲ್ಲಿ 'ಚಾವೆ', ಲ್ಯಾಟಿನ್‌ನಲ್ಲಿ 'ಕ್ಲಾವಿಸ್'. ಲ್ಯಾಟಿನ್‌ನ 'ಕ್ಲ' ಎಷ್ಟೋ ಪದಗಳಲ್ಲಿ ಪೋರ್ಚುಗೀಸ್‌ನಲ್ಲಿ 'ಚ' ಆಗಿದೆ. ಇಷ್ಟು ಗೊತ್ತಾದರೆ 'ಕಾನ್‌ಕ್ಲೇವ್' ಅರ್ಥವಾಯಿತು: ಚಾವಿ ಹಾಕಿ ಮುಚ್ಚುವ ಕೋಣೆ. ಹೊಸ ಪೋಪ್ ಆಯ್ಕೆಗೆ ಕಾರ್ಡಿನಲ್‌ಗಳು ಬಾಗಿಲು ಮುಚ್ಚಿಕೊಂಡು ಕೂರುವ ಸಭೆಗೆ ಆ ಹೆಸರು ಬಂದದ್ದು ಅದರಿಂದ. ಈಗ ಯಾವುದೋ ಹೋಟೆಲಿನ ಹಾಲ್‌ನಲ್ಲಿ ಬಾಗಿಲು ತೆರೆದಿಟ್ಟು ನಡೆಯುವ ಬಿಸಿನೆಸ್ ಸಮ್ಮೇಳನಕ್ಕೂ ಕಾನ್‌ಕ್ಲೇವ್ ಅಂತಾರೆ, ಇರಲಿ ಬಿಡಿ. ಮಣಿಪಾಲದಲ್ಲಿ ಮೆಡಿಕಲ್ ಓದುವವರು ಮೊದಲ ವರ್ಷವೇ ಕಲಿಯುವ 'ಕ್ಲಾವಿಕಲ್', ಭುಜದ ಮುಂದಿನ ಆ ಮೂಳೆ, ಅಕ್ಷರಶಃ 'ಪುಟ್ಟ ಚಾವಿ'.

'ಜನೆಲ್' ಅಂದರೆ ಕೊಂಕಣಿಯಲ್ಲಿ ಕಿಟಕಿ. ಪೋರ್ಚುಗೀಸ್ 'ಜನೇಲ', ಅದರ ಹಿಂದೆ ಲ್ಯಾಟಿನ್ 'ಇಯಾನುವ', ಬಾಗಿಲು. ಕಿಟಕಿ ಅಂದರೆ ಪುಟ್ಟ ಬಾಗಿಲು. ಬಾಗಿಲು ಕಾಯುವವನು 'ಜ್ಯಾನಿಟರ್'. ಬಾಗಿಲುಗಳ ರೋಮನ್ ದೇವರು ಜೇನಸ್, ಅವನ ಹೆಸರಿನ ತಿಂಗಳು ಜನವರಿ. ಲ್ಯಾಟಿನ್‌ನಲ್ಲಿ ಕಿಟಕಿಗೆ ಇದ್ದ ಇನ್ನೊಂದು ಪದ 'ಫೆನೆಸ್ಟ್ರ'. ಅದರಿಂದ ಬಂದದ್ದು 'ಡಿಫೆನೆಸ್ಟ್ರೇಟ್', ಯಾರನ್ನಾದರೂ ಕಿಟಕಿಯಿಂದ ಹೊರಗೆ ಎಸೆಯುವುದು. ಇಂಥದ್ದಕ್ಕೂ ಪದ ಬೇಕಾ? 1618ರಲ್ಲಿ ಪ್ರಾಗ್ ನಗರದಲ್ಲಿ ಅಧಿಕಾರಿಗಳನ್ನು ಹೀಗೆ ಎಸೆದರು, ಮೂವತ್ತು ವರ್ಷದ ಯುದ್ಧ ಅಲ್ಲಿಂದ ಹೊತ್ತಿಕೊಂಡಿತು. ಬೇಕಾಯಿತು. ಇನ್ನು 'ವಿಂಡೋ' ಹಳೆಯ ನಾರ್ಸ್ ಭಾಷೆಯದು, 'ಗಾಳಿಯ ಕಣ್ಣು'. ನಮ್ಮ 'ಗವಾಕ್ಷಿ' ಹಸುವಿನ ಕಣ್ಣು. ಒಂದರಿಂದ ಇನ್ನೊಂದು ಬಂದದ್ದಲ್ಲ. ಎರಡು ಕಡೆಯವರಿಗೂ ಕಿಟಕಿ ಕಣ್ಣಿನಂತೆ ಕಂಡಿತು, ಅಷ್ಟೇ.

'ಇಗರ್ಜಿ' ಗೊತ್ತಿದ್ದರೆ 'ಎಕ್ಲೀಸಿಯಾಸ್ಟಿಕಲ್' ಎಂಬ ಗಂಟಲಿಗೆ ಸಿಕ್ಕುವ ಪದ ಸುಲಭ. ಪೋರ್ಚುಗೀಸ್ 'ಇಗ್ರೇಜ', ಲ್ಯಾಟಿನ್-ಗ್ರೀಕ್‌ನ 'ಎಕ್ಲೀಸಿಯಾ', ಚರ್ಚಿಗೆ ಸೇರಿದ್ದು. ಗಾರೆ ಕೆಲಸದ 'ಮೇಸ್ತ್ರಿ' ಪೋರ್ಚುಗೀಸ್ 'ಮೆಸ್ತ್ರೆ'ಯಿಂದ, ಅದು ಲ್ಯಾಟಿನ್ 'ಮ್ಯಾಜಿಸ್ಟರ್'ನಿಂದ. ಇಂಗ್ಲಿಷ್‌ನ 'ಮಾಸ್ಟರ್' ಕೂಡ ಅಲ್ಲಿಯದೇ, ಅದು ನಮ್ಮಲ್ಲಿ 'ಮೇಷ್ಟ್ರು' ಆಯಿತು. ಅಂದರೆ ಮೇಸ್ತ್ರಿಯೂ ಮೇಷ್ಟ್ರೂ ಮ್ಯಾಜಿಸ್ಟ್ರೇಟರೂ ಒಂದೇ ಕುಟುಂಬ! ಬಟಾಟೆ ಮಾತ್ರ ಲ್ಯಾಟಿನ್ ಅಲ್ಲ. ಅದು ಕೆರಿಬಿಯನ್ ದ್ವೀಪಗಳ ಟೈನೋ ಭಾಷೆಯ ಪದ, 'ಪೊಟೇಟೊ'ದ ಒಡಹುಟ್ಟು.

ಹೆಜ್ಜೆ 5: ಪದ ನಮ್ಮ ಕಡೆಯದಾದರೆ ನಮ್ಮ ನಿಘಂಟುಗಳಿಗೆ ಬನ್ನಿ

ಇಂಗ್ಲಿಷ್‌ಗೆ ಹೋದ ಭಾರತದ ಪದಗಳಿಗೆ ಮೊದಲು ತೆರೆಯಬೇಕಾದ್ದು 1886ರ 'ಹಾಬ್ಸನ್-ಜಾಬ್ಸನ್' ಎಂಬ ನಿಘಂಟು. ಅದರ ಹೆಸರೇ ಒಂದು ಪಾಠ. ಮೊಹರಂ ಮೆರವಣಿಗೆಯ 'ಯಾ ಹಸನ್, ಯಾ ಹುಸೇನ್' ಕೂಗು ಬ್ರಿಟಿಷ್ ಸಿಪಾಯಿಗಳ ಬಾಯಲ್ಲಿ ಹೀಗಾಯಿತು. ಬರೆದವರು ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್. ಈ ಬರ್ನೆಲ್ ಮಂಗಳೂರಿನಲ್ಲೂ ನ್ಯಾಯಾಧೀಶನಾಗಿದ್ದವನು, ತುಳುನಾಡಿನ ಭೂತಾರಾಧನೆಯ ಪಾಡ್ದನಗಳನ್ನು ಸಂಗ್ರಹಿಸಿದವನು. ದಕ್ಷಿಣ ಭಾರತದ ಲಿಪಿಗಳ ಬಗ್ಗೆ ಅವನು ಬರೆದ ಪುಸ್ತಕ 1874ರಲ್ಲಿ ಅಚ್ಚಾದದ್ದು ಇಲ್ಲಿನ ಬಾಸೆಲ್ ಮಿಷನ್ ಪ್ರೆಸ್‌ನಲ್ಲಿ.

ಅದೇ ಪ್ರೆಸ್ಸಿನಿಂದ 1872ರಲ್ಲಿ ಗುಂಡರ್ಟ್‌ನ ಮಲಯಾಳ ನಿಘಂಟು, 1886ರಲ್ಲಿ ಮ್ಯಾನರ್‌ನ ತುಳು ನಿಘಂಟು, 1894ರಲ್ಲಿ ಕಿಟೆಲ್‌ನ ಕನ್ನಡ ನಿಘಂಟು ಬಂದವು. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ತಂದ ಆರು ಸಂಪುಟಗಳ ತುಳು ನಿಘಂಟು (1988-1997) ಇದೆ. ಹಳೆಯವು ಸ್ಕ್ಯಾನ್ ಆಗಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಹಾಬ್ಸನ್-ಜಾಬ್ಸನ್ ಮತ್ತು ಬರೋ-ಎಮೆನೋ ಅವರ ದ್ರಾವಿಡ ನಿಘಂಟನ್ನು ಷಿಕಾಗೊ ವಿಶ್ವವಿದ್ಯಾಲಯದ ತಾಣದಲ್ಲಿ ಪದ ಹಾಕಿ ಹುಡುಕಬಹುದು.

ಇಲ್ಲಿ ಒಂದು ವಿಷಯ ಗಮನಿಸಿ, ಇಂಗ್ಲಿಷ್ ಪದದ ಪಕ್ಕ ಅದರ ಮೂಲ ಇದೆ. 'ಟೀಕ್' ತೇಕ್ಕು, 'ಕೋಪ್ರಾ' ಕೊಪ್ಪರ, 'ಕಾಯರ್' ಕಯರ್, 'ಜ್ಯಾಕ್‌ಫ್ರೂಟ್' ಚಕ್ಕ, 'ಬೀಟಲ್' ಎಲೆ ವೆಟ್ಟಿಲ. ಹೆಚ್ಚಾಗಿ ಮಲಯಾಳವೇ ಏಕೆ? 1498ರಲ್ಲಿ ವಾಸ್ಕೋ ಡ ಗಾಮ ಬಂದದ್ದು ಕಲ್ಲಿಕೋಟೆಯ ಕಡೆಗೆ, ಪೋರ್ಚುಗೀಸರು ಮೊದಲು ನೆಲೆಯೂರಿದ್ದು ಕೊಚ್ಚಿಯಲ್ಲಿ. ಅವರು ಮೊದಲು ಕೇಳಿದ ಹೆಸರೇ ಯುರೋಪಿಗೆ ಹೋಯಿತು. ಬ್ಯಾರಿ ಬಲ್ಲವರಿಗೆ ಈ ಪಟ್ಟಿ ಓದುವುದು ತೀರಾ ಸಲೀಸು. 'ಅರೆಕಾ'ದ ಆವರಣದಲ್ಲಿ ಮಲಯಾಳದ 'ಅಡಕ್ಕ' ಜೊತೆಗೆ ಕನ್ನಡದ 'ಅಡಿಕೆ'ಯನ್ನೂ ಸೇರಿಸುತ್ತಾರೆ. ಎರಡೂ ಒಂದೇ ಪದದ ಎರಡು ರೂಪ. ನಮ್ಮದೇ ಮೂಲ ಅಂತ ಜಗಳಕ್ಕೆ ಹೋಗಬೇಕಾಗಿಲ್ಲ.

ಹೆಜ್ಜೆ 6: ಅರ್ಥ ಎಲ್ಲಿ ತಿರುಗಿತು ಅಂತ ತಾರೀಖು ಹಾಕಿ

ಮೂಲದ ಅರ್ಥವೇ 'ಸರಿಯಾದ' ಅರ್ಥ ಅಂತ ವಾದಿಸುವವರಿದ್ದಾರೆ. ಅವರ ಮಾತು ಕೇಳಿದರೆ 'ನೈಸ್' ಅನ್ನು ಬೈಗುಳವಾಗಿ ಬಳಸಬೇಕಾಗುತ್ತದೆ. ಲ್ಯಾಟಿನ್ 'ನೆಸಿಯಸ್' ಅಂದರೆ ಏನೂ ಗೊತ್ತಿಲ್ಲದವನು, ಇಂಗ್ಲಿಷ್‌ಗೆ ಬಂದಾಗ ಪೆದ್ದ ಅಂತಲೇ ಅರ್ಥ ಇತ್ತು.

'ಜಗರ್ನಾಟ್' ಪದವನ್ನು ಉಡುಪಿಯವರು ಒಮ್ಮೆ ಕೂತು ನೋಡಬೇಕು. ಪುರಿಯ ಜಗನ್ನಾಥನೇ ಅದು. 14ನೇ ಶತಮಾನದಲ್ಲಿ ಇಟಲಿಯ ಪಾದ್ರಿ ಓಡೊರಿಕ್ ಭಾರತ ಸುತ್ತಿ, ಭಕ್ತರು ರಥದ ಚಕ್ರಕ್ಕೆ ಬಿದ್ದು ಸಾಯುತ್ತಾರೆ ಅಂತ ಬರೆದ. ಆ ಕಥೆ ಯುರೋಪಿನಲ್ಲಿ ಬೆಳೆಯಿತು. 19ನೇ ಶತಮಾನದಲ್ಲಿ ಅಡ್ಡ ಬಂದದ್ದನ್ನೆಲ್ಲ ಅರೆದು ಸಾಗುವ ಶಕ್ತಿಗೆ ಜಗರ್ನಾಟ್ ಅನ್ನುವುದು ವಾಡಿಕೆಯಾಯಿತು. ರಥಬೀದಿಯಲ್ಲಿ ಬ್ರಹ್ಮರಥ ಎಳೆಯುವುದನ್ನು ನೋಡಿದವರಿಗೆ ಗೊತ್ತು: ಹಗ್ಗಕ್ಕೆ ನೂರಾರು ಕೈ, ಒಂದಿಷ್ಟು ದೂರ ಹೋಗಿ ನಿಲ್ಲುವುದು, ಮತ್ತೆ ಎಳೆಯುವುದು. ಯಾವ ಅರ್ಥದಲ್ಲೂ ತಡೆಯಿಲ್ಲದ ಓಟ ಅದಲ್ಲ. ಪದದ ಇಂದಿನ ಅರ್ಥದಲ್ಲಿ ಇರುವುದು ರಥಕ್ಕಿಂತ ನೋಡಿದವನ ಭಯ. ಬ್ರಿಟನ್ನಿನಲ್ಲಿ ಈಗ ದೊಡ್ಡ ಸರಕು ಲಾರಿಗೂ ಜಗರ್ನಾಟ್ ಅನ್ನುತ್ತಾರೆ. ಹೆದ್ದಾರಿ 66ರಲ್ಲಿ ಬಂದರಿನ ಕಡೆಗೆ ನುಗ್ಗುವ ಕಂಟೇನರ್ ಲಾರಿಗಳಿಗೆ ಇದೇನೋ ಒಪ್ಪುತ್ತದೆ.

ಪದ ಯಾವ ದಶಕದಲ್ಲಿ ಎಷ್ಟು ಬಳಕೆಯಲ್ಲಿತ್ತು ಅಂತ ನೋಡಲು ಗೂಗಲ್‌ನ ಎನ್‌ಗ್ರಾಮ್ ಇದೆ. ಸ್ಕ್ಯಾನ್ ತಪ್ಪುಗಳಿಂದ 18ನೇ ಶತಮಾನದಲ್ಲಿ ವಿಚಿತ್ರ ಏರಿಳಿತ ತೋರಿಸುತ್ತದೆ. ಅದನ್ನು ಸುಮ್ನೆ ನಂಬಬೇಡಿ.

ಹೆಜ್ಜೆ 7: ಚಂದದ ಕಥೆಯನ್ನು ಅನುಮಾನಿಸಿ

ಕಥೆ ತುಂಬಾ ಚೆನ್ನಾಗಿದ್ದರೆ ಅಲ್ಲೇ ಎಚ್ಚರ ಬೇಕು. 'ಪೋಷ್' ಪದದ ಬಗ್ಗೆ ಕೇಳಿರುತ್ತೀರಿ. ಭಾರತಕ್ಕೆ ಬರುವ ಹಡಗಿನಲ್ಲಿ ಶ್ರೀಮಂತರಿಗೆ ಬಿಸಿಲು ಬೀಳದ ಬದಿ, ಬರುವಾಗ ಎಡಗಡೆ, ವಾಪಸ್ ಹೋಗುವಾಗ ಬಲಗಡೆ; 'ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್' ಎಂಬ ಆ ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರ ಟಿಕೆಟ್ ಮೇಲೆ ಒತ್ತುತ್ತಿದ್ದರು ಅಂತ. ಅಂಥ ಒಂದು ಟಿಕೆಟ್ ಕೂಡ ಇದುವರೆಗೆ ಸಿಕ್ಕಿಲ್ಲ. ಒಂದು ಸಾಮಾನ್ಯ ನಿಯಮ: ಹಳೆಯ ಪದವನ್ನು ಮೊದಲಕ್ಷರಗಳ ಜೋಡಣೆ ಅಂತ ಯಾರಾದರೂ ವಿವರಿಸಿದರೆ ನಂಬಬೇಡಿ. ಹಾಗೆ ಪದ ಕಟ್ಟುವ ರೂಢಿ ಜೋರಾಗಿದ್ದು 20ನೇ ಶತಮಾನದಲ್ಲಿ.

ಊರಿನ ಅಭಿಮಾನವೂ ದಾರಿ ತಪ್ಪಿಸುತ್ತದೆ. ಖಾಕಿ ಹುಟ್ಟಿದ್ದು ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ, ಹಾಲರ್ ಎಂಬವರ ಕೈಯಲ್ಲಿ ಅಂತ ನಾವೆಲ್ಲ ಹೇಳುತ್ತೇವೆ. 1850ರ ದಶಕದಲ್ಲಿ ಇಲ್ಲಿ ಆ ಬಣ್ಣದ ಬಟ್ಟೆ ನೇಯ್ದದ್ದು ಊರಿನ ಹೆಮ್ಮೆ. ಆದರೆ ಬಟ್ಟೆಯ ಚರಿತ್ರೆ ಬೇರೆ, ಪದದ ಚರಿತ್ರೆ ಬೇರೆ. 'ಖಾಕ್' ಪರ್ಷಿಯನ್ ಪದ, ಧೂಳು. 1846ರಲ್ಲಿ ಪೇಶಾವರದಲ್ಲಿ ಬ್ರಿಟಿಷರು ಕಟ್ಟಿದ ಗೈಡ್ಸ್ ಎಂಬ ಸೇನಾಪಡೆ ಆ ದಶಕದಲ್ಲೇ ಖಾಕಿ ತೊಟ್ಟಿತ್ತು.

ಇನ್ನು 'ಕ್ಯಾಶ್ ಬಂದದ್ದು ನಮ್ಮ ಕಾಸಿನಿಂದ' ಎಂಬ ಮಾತು. ಇದು ಅರ್ಧ ಸತ್ಯ, ಅದಕ್ಕೇ ಸ್ವಾರಸ್ಯ. ಇಂಗ್ಲಿಷ್‌ನಲ್ಲಿ ಒಂದೇ ಸ್ಪೆಲ್ಲಿಂಗಿನ ಎರಡು ಕ್ಯಾಶ್ ಇವೆ. ಒಂದು, ಏಷ್ಯಾದ ಸಣ್ಣ ನಾಣ್ಯ. ಇದು ತಮಿಳಿನ 'ಕಾಸು'ವಿನಿಂದ ಪೋರ್ಚುಗೀಸ್ ಮೂಲಕ ಹೋದದ್ದು. ಇನ್ನೊಂದು, ನಾವು ದಿನಾ ಹೇಳುವ ನಗದು. ಇದು ಲ್ಯಾಟಿನ್ 'ಕಾಪ್ಸ', ಪೆಟ್ಟಿಗೆ. ಹಣದ ಪೆಟ್ಟಿಗೆಯ ಹೆಸರು ಒಳಗಿನ ಹಣಕ್ಕೆ ಬಂತು. 'ಕ್ಯಾಂಡಿ'ಯೂ ಹೀಗೆ ಎರಡು. ಮಕ್ಕಳು ತಿನ್ನುವುದು ಸಂಸ್ಕೃತ 'ಖಂಡ'ದಿಂದ, ಸಕ್ಕರೆಯ ತುಂಡು. ಹಳೆಯ ವ್ಯಾಪಾರದ ಲೆಕ್ಕಗಳಲ್ಲಿ ಬರುವ ಕ್ಯಾಂಡಿ ನಮ್ಮ 'ಖಂಡಿ', ತೂಕ. ಮದ್ರಾಸಿನ ಲೆಕ್ಕದಲ್ಲಿ 500 ಪೌಂಡು, ಬೊಂಬಾಯಿಯಲ್ಲಿ 560. ನಿಘಂಟಿನಲ್ಲಿ ಪದದ ತಲೆಯ ಮೇಲೆ ಪುಟ್ಟ 1, 2 ಅಂಕಿ ಇದೆಯಾ ನೋಡಿ. ಇದ್ದರೆ ಅವು ಬೇರೆ ಬೇರೆ ಪದಗಳು.

ಹೆಜ್ಜೆ 8: ನೋಟ್‌ಬುಕ್ಕಿಗೆ ಇಳಿಸಿ

ಒಂದು ಪದಕ್ಕೆ ಅರ್ಧ ಪುಟ ಸಾಕು. ಓದಿದ ವಾಕ್ಯ, ಇಂದಿನ ಅರ್ಥ, ಬಂದ ದಾರಿ, ಅರ್ಥ ತಿರುಗಿದ ಜಾಗ, ನೋಡಿದ ನಿಘಂಟುಗಳ ಹೆಸರು. 'ಮನ್ಸೂನ್' ಬಗ್ಗೆ ಹೀಗೆ ಬರೆಯಬಹುದು: ಇಂದು ಮಳೆಗಾಲ ಅಥವಾ ಮಳೆಗಾಳಿ, ಪೋರ್ಚುಗೀಸ್ 'ಮೋನ್ಸಾವ್', ಅದಕ್ಕೂ ಹಿಂದೆ ಅರಬಿಯ 'ಮೌಸಿಮ್', ಋತು, ಅರಬರಿಗೆ ಅದು ಹಡಗು ಬಿಡುವ ಕಾಲ, ನಮಗೆ ದೋಣಿ ದಡಕ್ಕೆಳೆಯುವ ಕಾಲ, ಹಿಂದಿಯ 'ಮೌಸಮ್' ಅದೇ ಪದ.

ಅಭ್ಯಾಸಕ್ಕೆ ಶುರುವಿನಲ್ಲಿ 'ಕ್ವಾರಂಟೈನ್', 'ಕಂಪ್ಯಾನಿಯನ್', 'ಮುಲಿಗಟಾನಿ' ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಒಂದು ಅಂಕಿ ಅಡಗಿದೆ, ಎರಡನೆಯದರಲ್ಲಿ ಬೇಕರಿಯ ಪಾವ್, ಮೂರನೆಯದರಲ್ಲಿ ಮೆಣಸಿನ ಸಾರು. ಕೈ ಪಳಗಿದ ಮೇಲೆ 'ಸಿಕೊಫಂಟ್'ಗೆ ಹೋಗಿ. ಭಟ್ಟಂಗಿ ಅಂತ ಅರ್ಥ, ಗ್ರೀಕ್‌ನಲ್ಲಿ 'ಅಂಜೂರ ತೋರಿಸುವವನು'. ಅಂಜೂರಕ್ಕೂ ಭಟ್ಟಂಗಿತನಕ್ಕೂ ಏನು ಸಂಬಂಧ ಅಂತ ಎರಡು ಸಾವಿರ ವರ್ಷದಿಂದ ವಾದ ನಡೆದೇ ಇದೆ. ಯಾವ ನಿಘಂಟು ಏನು ಹೇಳುತ್ತದೆ ಅಂತ ಬರೆದುಕೊಳ್ಳಿ, ಮೂಲದ ಜಾಗದಲ್ಲಿ 'ಖಚಿತವಿಲ್ಲ' ಅಂತ ಹಾಕಿ.